ಹಡಗಿನ ಕಟಕಟೆಯಿಂದ ಕೊಟ್ಟ ವಕಾಲತ್ತು

ಕಳೆದ ತಿಂಗಳು ನಾನೊಂದು ಮದುವೆ ನೋಡಿದೆ. ಮದುವೆ ದ್ವೀಪದಲ್ಲಿ ನಡೆಯಿತು. ನಾನಿದ್ದದ್ದು ಸಮುದ್ರದ ಮೇಲೆ. ಕರೆಯೋಲೆ ಇರಲಿಲ್ಲ, ಮದುಮಗಳ ಹೆಸರೂ ಗೊತ್ತಿರಲಿಲ್ಲ. ಹೊಟ್ಟೆಯಲ್ಲಿ ಒಂದು ಲೋಟ ಗಂಜಿಯೂ ನಿಲ್ಲುತ್ತಿರಲಿಲ್ಲ.

ಆದದ್ದಿಷ್ಟು. ಲಕ್ಷದ್ವೀಪದ ಒಂದು ಪುಟ್ಟ ದ್ವೀಪದಲ್ಲಿ ಎರಡು ಮನೆಗಳ ನಡುವೆ ತೆಂಗಿನ ತೋಟದ ಗಡಿಯ ತಕರಾರು. ಜಾಗ ನೋಡಿ ವರದಿ ಕೊಡಿ ಎಂದು ಕೋರ್ಟು ನನ್ನನ್ನು ಕಮಿಷನರ್ ಮಾಡಿತ್ತು. (ಹೆದರಬೇಡಿ. ಅಳತೆ ಟೇಪು ಹಿಡಿದು ಹೋಗುವ ವಕೀಲೆ, ಅಷ್ಟೇ.) ಹವಾಮಾನ ಕೆಟ್ಟು ನಿಂತಿದ್ದ ಹಡಗುಗಳು ಆಗಷ್ಟೇ ಮತ್ತೆ ಶುರುವಾಗಿದ್ದವು.

"ಈ ಗಾಳಿಮಳೆಗೆ ಎಂತಕ್ಕೆ ಹೋಗುದು ಮಾರಾಯ್ತಿ? ತೆಂಗಿನಮರ ಎಲ್ಲಿಗೂ ಓಡಿ ಹೋಗುದಿಲ್ಲ," ಅಂದರು ಕೊಚ್ಚಿಯ ಪಾಲಾರಿವಟ್ಟದ ನಮ್ಮ ಮನೆಯ ಬಾಗಿಲಲ್ಲಿ ನಿಂತ ಯಜಮಾನರು. ಕಾಸರಗೋಡಿನ ಕಡಲ ಪಕ್ಕವೇ ಬೆಳೆದವರು. ಕಡಲನ್ನು ದಡದಲ್ಲಿ ನಿಂತು ನೋಡಬೇಕು ಎಂದು ಬಲವಾಗಿ ನಂಬಿದವರು.

ಕೊಚ್ಚಿಯ ಕ್ರೇನುಗಳು ಕಣ್ಮರೆಯಾಗುವ ತನಕ ಎಲ್ಲ ಚಂದ. ಆಮೇಲೆ ಹಡಗು ತೊಟ್ಟಿಲಾಯಿತು. ತೂಗುವವರಿಗೆ ಕರುಣೆ ಇಲ್ಲದ ತೊಟ್ಟಿಲು. ವಾಂತಿಯ ಮಾತ್ರೆ ನುಂಗಿ ಡೆಕ್ಕಿನ ಬೆಂಚಿನಲ್ಲಿ ಒರಗಿದೆ. ಆ ಮಂಪರಿನಲ್ಲಿ ಆಕಾಶ ಮೆಲ್ಲಗೆ ಕೆಳಗಿಳಿಯುತ್ತಿತ್ತು, ನೀರು ಮೆಲ್ಲಗೆ ಮೇಲೇರುತ್ತಿತ್ತು. ಎರಡಕ್ಕೂ ಒಂದೇ ಬೂದು ಬಣ್ಣ. ಎಲ್ಲಿಗೆ ಹೊರಟಿದ್ದೆ, ಯಾಕೆ ಹೊರಟಿದ್ದೆ ಎಂಬುದೇ ಮಸುಕಾಯಿತು. ನಿಜ ಹೇಳಲೇ? ಹಿತವಾಗಿಯೇ ಇತ್ತು.

ಪಕ್ಕದಲ್ಲಿ ಕೂತಿದ್ದವರು ಮುತ್ತುಕೋಯ. ಅರವತ್ತು ದಾಟಿದ ದ್ವೀಪದವರು. ಎರ್ನಾಕುಳಂನಲ್ಲಿ ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿದ್ದರು. ಕಾಲ ಬಳಿ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ. ಅದರ ತುಂಬ ಹಲ್ವ.

"ನಾಳೆ ಮಗಳ ನಿಕಾಹ್, ಮೋಳೇ. ಸಂಜೆಯ ಅಸರ್ ನಮಾಜು ಮುಗಿದ ಮೇಲೆ. ಮಧ್ಯಾಹ್ನವೇ ಇಳಿಯುತ್ತೇವಲ್ಲ, ಬೇಕಾದಷ್ಟು ಹೊತ್ತಿದೆ," ಅಂದರು, ನನ್ನನ್ನೂ ಮಗಳೇ ಎಂದು ಕರೆಯುತ್ತ. ಹಡಗು ನಿಂತುಹೋಗದಿದ್ದರೆ ಅವರು ಯಾವಾಗಲೋ ಮನೆ ಸೇರಬೇಕಿತ್ತು. ಹುಡುಗ ದ್ವೀಪದವನೇ. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಕೆಲಸ. ರಜೆ ಮುಗಿಯುತ್ತ ಬಂದಿತ್ತು.

ಮರುದಿನ ಮಧ್ಯಾಹ್ನ ಮಳೆಯ ಹಿಂದಿನಿಂದ ದ್ವೀಪ ಕಾಣಿಸಿತು. ಒಂದು ಹಸಿರು ಗೆರೆ. ಯಾರೋ ಬರೆದು ಅರ್ಧ ಅಳಿಸಿದ ಹಾಗೆ. ಅಲ್ಲಿ ದೊಡ್ಡ ಹಡಗು ದಡಕ್ಕೆ ಹೋಗುವುದಿಲ್ಲ. ಹವಳದ ದಂಡೆಯ ಹೊರಗೇ ನಿಲ್ಲುತ್ತದೆ, ದೋಣಿಗಳು ಬಂದು ಜನರನ್ನು ಇಳಿಸಿಕೊಳ್ಳುತ್ತವೆ. ದಡದಿಂದ ಒಂದು ದೋಣಿ ಹೊರಟೂ ಹೊರಟಿತು. ದಂಡೆಯ ಸಂದಿಗೆ ಬಂದಾಗ ಅಲೆ ಅದನ್ನು ಎತ್ತಿ, ಮುಖ ತಿರುಗಿಸಿ, ಬಂದ ದಾರಿಗೇ ಕಳಿಸಿತು.

ಮೈಕಿನಲ್ಲಿ ಹೇಳಿದರು: ಸ್ವಲ್ಪ ಹೊತ್ತು ಕಾಯುತ್ತೇವೆ. ಕಡಲು ತಗ್ಗದಿದ್ದರೆ ವಾಪಸ್ ಕೊಚ್ಚಿ.

ಅಸರ್ ಹೊತ್ತಿನ ತನಕ ಕಾದೆವು. ತಗ್ಗಲಿಲ್ಲ.

ಮುತ್ತುಕೋಯ ಕೂಗಾಡಲಿಲ್ಲ. ಫೋನು ತೆಗೆದರು, ಸಿಗ್ನಲ್ ಇರಲಿಲ್ಲ. ನನ್ನದರಲ್ಲಿ ಎರಡು ಗೆರೆ ಇದ್ದವು, ಅದೂ ದ್ವೀಪದ ಕಡೆಯ ಕಟಕಟೆಯ ಹತ್ತಿರ ಮಾತ್ರ. ಅವರ ತೋಳು ಹಿಡಿದು ಅಲ್ಲಿಗೆ ಕರೆದುಕೊಂಡು ಹೋದೆ. ಗಾಳಿಗೆ ಕೇಳಿಸದೆ ಸ್ಪೀಕರ್ ಹಾಕಿದೆವು. ಮಗಳ ದನಿ ಬಂತು.

"ಬಾಪ್ಪಾ, ನೀವಿಲ್ಲದೆ ಬೇಡ. ಮುಂದೆ ಹಾಕೋಣ. ನಾನು ಕಾಯ್ತೇನೆ."

"ಎಷ್ಟು ದಿನ ಕಾಯ್ತೀ? ಮುಂದಿನ ಹಡಗು ಬಂದರೆ ಅವನು ಕೆಲಸಕ್ಕೆ ಹೊರಡಬೇಕು. ಆಮೇಲೆ ಮಳೆಗಾಲ."

"ಆಗಲಿ. ಮಳೆಗಾಲವೂ ಮುಗೀತದೆ."

ಹೂಂ ಎಂದು ಮುತ್ತುಕೋಯ ಒಂದು ಮಾತು ಹೇಳಿದ್ದರೆ ಮದುವೆ ನಿಲ್ಲುತ್ತಿತ್ತು. ತಪ್ಪು ಎನ್ನುವವರು ಯಾರಿದ್ದರು? ಇದ್ದ ಒಬ್ಬಳೇ ಮಗಳು. ಆ ಒಂದು ಗಳಿಗೆಗಾಗಿ ವರ್ಷಗಟ್ಟಲೆ ಕಾದವರು, ಕಣ್ಣಳತೆಯ ದೂರದಲ್ಲಿ ನಿಂತು ಅದನ್ನು ಬಿಟ್ಟುಕೊಡಬೇಕಿತ್ತು.

"ಬೇಡ ಮೋಳೇ," ಅಂದರು ಕೊನೆಗೆ. "ನಿನ್ನ ಮದುವೆಯ ದಿನವನ್ನು ಕಡಲು ಗೊತ್ತುಮಾಡುವುದು ಬೇಡ. ಚಿಕ್ಕಪ್ಪನಿಗೆ ಫೋನು ಕೊಡು."

ತಂದೆ ಬರಲಾಗದಿದ್ದರೆ ತನ್ನ ಪರವಾಗಿ ಮಗಳನ್ನು ಧಾರೆಯೆರೆಯಲು ಇನ್ನೊಬ್ಬರಿಗೆ ವಕಾಲತ್ತು ಕೊಡಬಹುದು. ಖಾಜಿಯವರು, ಸಾಕ್ಷಿಗಳು ಆ ತುದಿಯಲ್ಲಿ ಸೇರಿದರು. ಮುತ್ತುಕೋಯ ತಮ್ಮನ ಹೆಸರು ಹಿಡಿದು ಹೇಳತೊಡಗಿದರು. ಅರ್ಧದಲ್ಲಿ ಲೈನ್ ಕಟ್. ಮತ್ತೆ ಶುರು. ಮತ್ತೆ ಕಟ್. ಕೆಳಗೆ ಎಂಜಿನ್ನಿನ ಸದ್ದು ಬದಲಾಯಿತು, ಹಡಗು ತಿರುಗುವ ಸಿದ್ಧತೆಯಲ್ಲಿತ್ತು. ಕೊನೆಯ ಸಲ ಅವರು ತಡವರಿಸದೆ, ಒಂದೇ ಉಸಿರಿನಲ್ಲಿ, ಮಗಳ ಹೆಸರು, ಹುಡುಗನ ಹೆಸರು, ಅವನು ಕೊಡುವ ಮೆಹರ್ ಎಲ್ಲ ಹೇಳಿ ಮುಗಿಸಿದರು. "ಕೇಳಿಸಿತು," ಎಂದಿತು ಆಚೆಯ ದನಿ.

(ದಿನಾ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವವಳು ನಾನು. ಆ ಪದಕ್ಕೆ ಇಷ್ಟು ಭಾರ ಇದೆ ಅಂತ ಗೊತ್ತಿರಲಿಲ್ಲ.)

ಅಷ್ಟರಲ್ಲಿ ಮಳೆ ಸರಿಯಿತು. ಮೋಡದ ಬಿರುಕಿನಿಂದ ಬಿಸಿಲು ಇಳಿದು ದ್ವೀಪ ಪೂರ್ತಿ ಹೊಳೆಯಿತು. ನೀರಿನ ಮೇಲೆ ಇಟ್ಟದ್ದೋ, ನೀರಿನೊಳಗಿಂದ ಎದ್ದದ್ದೋ ತಿಳಿಯಲಿಲ್ಲ.

"ಏನು ಕಾಣ್ತದೆ?" ಕೇಳಿದರು.

"ಜೆಟ್ಟಿಯ ಮೇಲೆ ಜನ ಇದ್ದಾರೆ, ಇಕ್ಕಾ. ಮುಖ ಗೊತ್ತಾಗುವುದಿಲ್ಲ. ಕೈ ಬೀಸುತ್ತಿದ್ದಾರೆ."

ಅವರೂ ಕೈ ಎತ್ತಿ ಬೀಸಿದರು. ದಿಕ್ಕು ತಪ್ಪಿತ್ತು, ಬರಿಯ ಕಡಲಿಗೆ ಬೀಸುತ್ತಿದ್ದರು. ಮೆಲ್ಲಗೆ ಅವರ ಭುಜ ಹಿಡಿದು ದ್ವೀಪದ ಕಡೆ ತಿರುಗಿಸಿದೆ.

ಹಡಗು ತಿರುಗಿತು. ನಿಕಾಹ್ ಆಯಿತೆಂಬ ಮೆಸೇಜು ನನ್ನ ಫೋನಿಗೆ ಬಂದು ಬಿದ್ದ ಮೇಲೆ ಸಿಗ್ನಲ್ ಹೋಯಿತು. ಓದಿ ಹೇಳಿದೆ. ಅವರು ಕೂತು ಹಗ್ಗ ಬಿಚ್ಚಿ ಪೆಟ್ಟಿಗೆ ತೆರೆದರು. "ಎಲ್ಲರಿಗೂ ಕೊಡು, ಮೋಳೇ." ವಾಂತಿ ಮಾಡಿ ಮಾಡಿ ಬಾಡಿದ್ದ ಹೆಂಗಸರು ಎದ್ದು ಬಂದರು. ಒಬ್ಬಾಕೆ ಚಪ್ಪಾಳೆ ತಟ್ಟಿ ಮದುವೆ ಹಾಡು ಎತ್ತಿಕೊಂಡಳು, ಉಳಿದವರು ದನಿಗೂಡಿಸಿದರು. ತೂಗುವ ಡೆಕ್ಕಿನ ಮೇಲೆ, ಬಾಯಲ್ಲಿ ಹಲ್ವ ಕರಗುತ್ತಿರುವಾಗ, ಎಚ್ಚರದಲ್ಲಿದ್ದೇನೋ ಕನಸಿನಲ್ಲಿದ್ದೇನೋ ಎಂದು ನಾನು ವಿಚಾರಿಸಲು ಹೋಗಲಿಲ್ಲ. ಹಲ್ವ ಮಾತ್ರ ಹೊಟ್ಟೆಯಲ್ಲಿ ನಿಂತಿತು.

ಗಡಿ ತಕರಾರು ಹಾಗೇ ಇದೆ. ಉಪ್ಪುಗಾಳಿಗೆ ಕಣ್ಣು ಕೆಂಪಾದ ಮುತ್ತುಕೋಯರಿಗೆ ಡಾಕ್ಟರು ಸದ್ಯ ಹಡಗು ಹತ್ತಬೇಡಿ ಅಂದರು. ಕೊಚ್ಚಿಯ ಮಟ್ಟಾಂಚೇರಿಯ ನೆಂಟರ ಮನೆಯಲ್ಲಿ ಉಳಿದರು. ಕಡಲು ತಣ್ಣಗಾದ ಮೇಲೆ ಮಗಳು, ಅಳಿಯ ತಿರುವನಂತಪುರಕ್ಕೆಂದು ಕೊಚ್ಚಿಗೆ ಬಂದು ಇಳಿದರು. ನನ್ನನ್ನೂ ಕರೆದಿದ್ದರು, ಹೋಗಿದ್ದೆ. ಮಗಳು ಓಡಿ ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡಳು.

"ಮದುವೆ ಹೇಗಾಯಿತು, ಮೋಳೇ?" ಅಂದರು ಅವರು.

ಅವಳು ಅಚ್ಚರಿಯಿಂದ ನೋಡಿದಳು. "ಬಾಪ್ಪಾ, ನೀವೂ ಇದ್ದಿರಲ್ಲ!"

ಮುಂದಿನ ಸಾಲಿನಲ್ಲಿ ಕೂತು, ಸೆಲ್ಫಿ ತೆಗೆದು, ಊಟ ಮುಗಿಸಿ ಬಂದೆವಲ್ಲ, ಆ ಮದುವೆಗಳಲ್ಲಿ ಎಷ್ಟರಲ್ಲಿ ನಾವಿದ್ದೆವು?