ಅಗಲ ಬುಡದ ಆಟಿಕೆ, ಹೆಂಡತಿ ಬಿಟ್ಟ ಮಿರ್ಚಿ

ಪಾರ್ಸಲ್ ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ. ಬಿಚ್ಚಿದವಳು ನನ್ನ ಹೆಂಡತಿ ಗಂಗಮ್ಮ. ಟವೆಲ್ ಸುತ್ತಿಕೊಂಡು ಬಂದರೆ, ಅಡುಗೆಕಟ್ಟೆಯ ಮೇಲೆ ಉಪ್ಪಿನಕಾಯಿ ಭರಣಿಯ ಪಕ್ಕ, ನಾನು ಗುಟ್ಟಾಗಿ ತರಿಸಿದ್ದ ಆಟಿಕೆ ನೆಟ್ಟಗೆ ನಿಂತಿತ್ತು. (ಬುಡ ಅಗಲ, ಹಾಗಾಗಿ ನಿಲ್ಲುತ್ತದೆ.)

"ಏನ್ರೀ ಇದು? ಬಾಟ್ಲಿ ಬಿರಡಿ ಇದ್ದಂಗ ಐತಿ. ಇಷ್ಟ್ ದೊಡ್ಡ ಬಾಟ್ಲಿ ನಮ್ಮನ್ಯಾಗ ಎಲ್ಲೈತಿ?"

ನನಗೆ ಅರವತ್ತೆಂಟು. ರಾಯದುರ್ಗದ ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವನು, ಈ ಅಂಕಣದಲ್ಲಿ ವಾರವಾರ ನಿಮಗೆ ಬುದ್ಧಿ ಹೇಳುವವನು. "ಪೈಲ್ಸ್‌ಗೆ ಹೊಸ ಔಷಧಿ" ಎನ್ನಲು ಬಾಯಿ ತೆರೆದೆ. ಆಗಲಿಲ್ಲ. ಆ ಸುಳ್ಳನ್ನು ಹಿಂದೆಯೇ ಒಮ್ಮೆ ಬಳಸಿದ್ದೆ.

ನನಗಾಗ ನಲವತ್ತು. ಗಂಗಮ್ಮ ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದು ಗಾರ್ಮೆಂಟ್ಸ್‌ನಲ್ಲಿ ಹೊಲಿದ ಬಟ್ಟೆಯ ತಪ್ಪು ಹುಡುಕುವ ಚೆಕಿಂಗ್ ಕೆಲಸ ಮಾಡುತ್ತಿದ್ದಳು. ನಾನು ಇಲ್ಲಿ ಒಬ್ಬನೇ. ದೇಹಕ್ಕೆ ಹಿಂಬದಿಯ ಸುಖದ ಬಗ್ಗೆ ಕುತೂಹಲ. ಯಾರನ್ನು ಕೇಳುವುದು? ಅದಕ್ಕೆಂದೇ ಮಾಡಿದ ವಸ್ತು ಇರುತ್ತದೆಂದು ಯಾರಿಗೆ ಗೊತ್ತಿತ್ತು? ದಾರದ ರೀಲು ಸಿಕ್ಕಿಸುವ ನುಣುಪಾದ ಮರದ ಗೂಟ ಕೈಗೆ ಸಿಕ್ಕಿತು. ಜಾರಿ ಪೂರ್ತಿ ಒಳಗೆ ಹೋಯಿತು.

ನೋಡಿ ನನ್ನ ಬುದ್ಧಿ. ಜೀನ್ಸ್ ಜೇಬಿನ ಮೂಲೆಗೆ ಬಡಿಯುವ ರಿವಿಟ್ ದಿನವೂ ನೋಡುತ್ತಿದ್ದವನು ನಾನು. ತಲೆ ಅಗಲವಿದ್ದರೆ ಅದು ಬಟ್ಟೆಯಲ್ಲಿ ನಿಲ್ಲುತ್ತದೆ, ಇಲ್ಲದಿದ್ದರೆ ತೂರಿ ಆಚೆ ಹೋಗುತ್ತದೆ. ಹೊಸಬರಿಗೆ ಈ ಪಾಠ ಹೇಳಿದವನೂ ನಾನೇ.

ಕಟಿಂಗ್ ಟೇಬಲ್ ಮುಂದೆ ನಿಂತೇ ಕೆಲಸ, ಹಾಗಾಗಿ ಎರಡು ದಿನ ಯಾರಿಗೂ ತಿಳಿಯಲಿಲ್ಲ. ಮೂರನೇ ದಿನ ನೋವು ತಡೆಯಲಾರದೆ ಬಳ್ಳಾರಿಗೆ ಓಡಿದೆ. ಡಾಕ್ಟರ್ ನಗಲಿಲ್ಲ. "ನೀವು ಮೊದಲನೇರೂ ಅಲ್ಲ, ಕಡೇರೂ ಅಲ್ಲ. ಆದ್ರ ಅವತ್ತೇ ಯಾಕ ಬರ್ಲಿಲ್ರಿ? ಕರುಳು ಹರಿದಿದ್ರ ಜೀವಕ್ಕ ಬರ್ತಿತ್ತು" ಎಂದರು. ತೆಗೆದರು. ಬದುಕಿದೆ.

ನನಗೆ ಪೈಲ್ಸ್ ಆಪರೇಶನ್ ಆಯಿತೆಂದು ಹೆಂಡತಿಗೆ ಹೇಳಿದೆ. ಅವಳು ಕೆಲಸ ಬಿಟ್ಟು ಓಡಿಬಂದು, ನನಗೆ ಮಜ್ಜಿಗೆ ಅನ್ನ ಹಾಕಿ, ದೇವಿಗೆ ಹರಕೆ ಹೊತ್ತಳು. ಇವರ ರೋಗ ಪೂರ್ತಿ ಹೋಗುವ ತನಕ ನಾನು ಮಿರ್ಚಿ ಬಜ್ಜಿ ಮುಟ್ಟುವುದಿಲ್ಲ, ಅಂತ. ರಾಯದುರ್ಗದಲ್ಲಿ ಹುಟ್ಟಿದವಳು ಮಿರ್ಚಿ ಇಲ್ಲದೆ ಮಂಡಕ್ಕಿ ತಿನ್ನುವುದೆಂದರೆ ಏನು, ಈ ಕಡೆಯವರಿಗೆ ಬಿಡಿಸಿ ಹೇಳಬೇಕೆ? ಇಲ್ಲದ ರೋಗ ಹೋಗುವುದು ಹೇಗೆ? ಇಷ್ಟು ವರ್ಷವೂ ಅವಳು ಮುಟ್ಟಲಿಲ್ಲ. ನಾನು? ಯೂನಿಟ್ ಪಕ್ಕದ ಬಂಡಿಯಲ್ಲಿ ಕದ್ದು ತಿಂದು, ಬಾಯಿ ತೊಳೆದು ಮನೆಗೆ ಹೋಗುತ್ತಿದ್ದೆ.

ಪಾರ್ಸಲ್ ಬಂದ ದಿನ ಟವೆಲ್‌ನಲ್ಲೇ ನಿಂತು ಎಲ್ಲ ಹೇಳಿದೆ. ಬಂಡಿಯ ವಿಷಯವನ್ನೂ.

ಅವಳು ಉಪ್ಪಿನಕಾಯಿ ಭರಣಿಯನ್ನು ಎತ್ತಿ ದೂರ ಇಟ್ಟಳು. ಆಮೇಲೆ ಕನ್ನಡಕ ಹಾಕಿಕೊಂಡು ಆ ವಸ್ತುವನ್ನು ಕಿಟಕಿ ಬೆಳಕಿಗೆ ಹಿಡಿದಳು. ಚೆಕಿಂಗ್‌ನವಳಲ್ಲವೇ. ಬೆರಳಾಡಿಸಿದಳು, ಬಗ್ಗಿಸಿದಳು, ಮೂಸಿದಳು.

"ಗೀರಿಲ್ಲ, ಬಿರುಕಿಲ್ಲ, ವಾಸನಿ ಇಲ್ಲ. ಬುಡ ಗಟ್ಟಿ ಐತಿ. ಪಾಸ್. ಮಾಲು ಪಾಸ್ರಿ, ಮನುಷ್ಯಾ ರಿಜೆಕ್ಟ್."

ಅವಳು ನೋಡಿದ ರೀತಿಯೇ ಸರಿಯಾದ ರೀತಿ. ಒಂದೇ ತುಂಡಿನದು, ನುಣುಪು, ಒಳ್ಳೆಯ ಸಿಲಿಕೋನ್, ಬುಡ ಒಳಗೆ ಹೋಗಲಾರದಷ್ಟು ಅಗಲ. ರಬ್ಬರ್ ವಾಸನೆ ಹೊಡೆಯುವ ಅಗ್ಗದ ಮಾಲು ಬೇಡ. ಮೊದಲು ಚಿಕ್ಕ ಸೈಜು. ಆ ಜಾಗಕ್ಕೆ ಸ್ವಂತ ಜಾರುವಿಕೆ ಇಲ್ಲ, ಆದ್ದರಿಂದ ನೀರಿನಂಶದ ಜೆಲ್ ಧಾರಾಳವಾಗಿ ಬೇಕು. (ಕೊಬ್ಬರಿ ಎಣ್ಣೆ ಕಾಂಡೋಮ್ ಹರಿಯುವಂತೆ ಮಾಡುತ್ತದೆ. ಸಿಲಿಕೋನ್ ಜೆಲ್ ಸಿಲಿಕೋನ್ ಆಟಿಕೆಯನ್ನೇ ಕೆಡಿಸಬಹುದು.) ಮರಗಟ್ಟಿಸುವ ಕ್ರೀಮ್ ಹಚ್ಚಬೇಡಿ, ನೋವೇ ತಾನೆ ನಿಲ್ಲಿಸು ಎನ್ನುವುದು? ನಿಧಾನ ಇರಲಿ. ಪ್ರತಿ ಸಲ ಸೋಪು ನೀರಿನಲ್ಲಿ ತೊಳೆಯಿರಿ. ಇಬ್ಬರು ಬಳಸುವುದಾದರೆ ಒಬ್ಬೊಬ್ಬರಿಗೂ ಹೊಸ ಕಾಂಡೋಮ್. ಹಿಂದೆ ಬಳಸಿದ್ದನ್ನು ತೊಳೆಯದೆ ಮುಂದೆ ಒಯ್ಯಬಾರದು. ನಿಜವಾದ ಪೈಲ್ಸ್ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ರಕ್ತ ನಿಲ್ಲದಿದ್ದರೆ, ಏನಾದರೂ ಒಳಗೆ ಸಿಕ್ಕಿಕೊಂಡರೆ, ಕೆದಕಬೇಡಿ, ಭೇದಿ ಮಾತ್ರೆ ನುಂಗಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ನಿಜ ಹೇಳಿ.

ಈ ವಯಸ್ಸಿನಲ್ಲಿ ಬೇಕಿತ್ತಾ ಎಂದು ಕೇಳುತ್ತೀರಿ. ಬೇಕಿತ್ತು. ನಾಚಿಕೆ ಪಡಬೇಕಾದದ್ದು ಆಸೆಗಲ್ಲ, ಬಂಡಿಯ ಹತ್ತಿರ ಬಾಯಿ ತೊಳೆದದ್ದಕ್ಕೆ.

ಮರುದಿನ ಇಬ್ಬರೂ ದೇವಿ ಗುಡಿಗೆ ಹೋದೆವು. ಹರಕೆ ಬಿಡಿಸುವಾಗ ಪೂಜಾರಿ, "ರೋಗ ವಾಸಿ ಆತೇನ್ರಿ?" ಎಂದು ಕೇಳಿದರು. "ನಿನ್ನೆ ಆತ್ರಿ" ಎಂದಳು. ಅಲ್ಲಿಂದ ಸೀದಾ ಬಂಡಿಗೆ. ಎರಡು ಪ್ಲೇಟ್ ಹೇಳಿದೆ. ನನ್ನ ಪ್ಲೇಟನ್ನೂ ತನ್ನ ಕಡೆ ಎಳೆದುಕೊಂಡಳು. "ನಿಮಗ ಮಜ್ಜಿಗಿ ಅನ್ನ ಮನ್ಯಾಗೈತಿ." ಕಣ್ಣು ಮೂಗು ಸುರಿಸುತ್ತ ಅವಳು ತಿನ್ನುವುದನ್ನು ನೋಡುತ್ತ, ಹಸಿದುಕೊಂಡೇ ಸುಖವಾಗಿ ಕೂತಿದ್ದೆ.

ಹೌದು, ನಿಮ್ಮ ಸುಳ್ಳಿಗಾಗಿ ನಿಮ್ಮ ಮನೆಯಲ್ಲಿ ಯಾರು ಮಿರ್ಚಿ ಬಿಟ್ಟಿದ್ದಾರೆ?