ಹನ್ನೊಂದು ಕುರ್ಚಿಯ ಬಸ್ಸು

ಎಲ್ಮ್‌ಹರ್ಸ್ಟ್ ಕೋರ್ಟ್ಸ್‌ಗೆ ಕೆಲಸಕ್ಕೆ ಬಂದ ಮೊದಲ ದಿನವೇ ಜೆರೋಡ್ ಪೆಟಿವೇ ಒಂದು ಬಸ್ಸಿಗೆ ಅಡ್ಡ ನಿಂತು ಭಾಷಣ ಮಾಡಿದ. ಅದು ಬಸ್ಸು ಅಂತ ಪಾಪ ಅವನಿಗೆ ಗೊತ್ತಿರಲಿಲ್ಲ.

ಏಪ್ರಿಲ್ ತಿಂಗಳ ಬೆಳಗು. ಏರಿ ಸರೋವರದ ಕಡೆಯಿಂದ ಬಂದ ಮಂಜು ಟೊಲೀಡೊ ಊರಿನ ಆ ಸರ್ಕಾರಿ ವಸತಿಯ ಇಟ್ಟಿಗೆ ಮನೆಗಳನ್ನು ಕಿಟಕಿಯ ತನಕ ನುಂಗಿ ಕೂತಿತ್ತು. ಕಾರು ನಿಲ್ಲಿಸುವ ಬಯಲಿನಲ್ಲಿ ಎರಡು ಸಾಲಾಗಿ ಹನ್ನೊಂದು ಕುರ್ಚಿಗಳು: ಅಡುಗೆಮನೆಯವು, ಮಡಚುವಂಥವು, ಒಂದು ತೂಗುಕುರ್ಚಿ. ಎಲ್ಲಕ್ಕೂ ಮುಂದೆ ಎತ್ತರದ ಸ್ಟೂಲಿನ ಮೇಲೆ ದಪ್ಪನೆಯ ಹೆಂಗಸೊಬ್ಬಳು ನೆಟ್ಟಗೆ ಕೂತಿದ್ದಳು. ‘ನಿಮ್ಮ ಹೊಸ ಸಂಯೋಜಕರನ್ನು ಭೇಟಿಯಾಗಿ’ ಅಂತ ವಸತಿ ಕಚೇರಿಯವರು ಬಾಗಿಲು ಬಾಗಿಲಿಗೆ ಕಾಗದ ಅಂಟಿಸಿದ್ದರಲ್ಲ, ಅದರ ಫಲ ಅಂದುಕೊಂಡ ಜೆರೋಡ್. ಬಂದವಳು ಒಬ್ಬಳೇ ಆದರೂ ಕುರ್ಚಿ ಹಾಕಿಸಿದ್ದಾರೆ, ಎಂಥ ಮರ್ಯಾದೆ! ಟೈ ಸರಿಮಾಡಿಕೊಂಡು ಎದುರು ನಿಂತ. ಸರ್ಕಾರ ಮೂರು ವರ್ಷಕ್ಕೆ ಅನುದಾನ ಕೊಟ್ಟಿದೆ, ಇಲ್ಲಿನ ಪ್ರತಿಯೊಬ್ಬರೂ ತಮ್ಮ ಕಾಲ ಮೇಲೆ ತಾವು ನಿಲ್ಲುವಂತೆ ಮಾಡುವುದೇ ತನ್ನ ಕೆಲಸ, ಅಂತ ಕನ್ನಡಿಯ ಮುಂದೆ ಕಲಿತದ್ದನ್ನೆಲ್ಲ ಒಪ್ಪಿಸಿದ.

ಹೆಂಗಸು ಪೂರ್ತಿ ಕೇಳಿದಳು. ಅವಳ ಕೈಯಲ್ಲಿ ಸೊಪ್ಪು ಬೇಯಿಸುವ ದೊಡ್ಡ ಪಾತ್ರೆಯ ಮುಚ್ಚಳವಿತ್ತು.

“ಮುಗೀತಾ ಮಗಾ?” ಅಂದಳು. “ಹಾಗಾದ್ರೆ ಸ್ವಲ್ಪ ಪಕ್ಕಕ್ಕೆ ಸರಿ. ಬಸ್ಸಿಗೆ ಅಡ್ಡ ನಿಂತಿದೀಯ.”

ಅವಳು ಮಿಸ್ ವರ್ಲೀನ್. ವಯಸ್ಸು ಐವತ್ತಾರು, ಎಲ್ಮ್‌ಹರ್ಸ್ಟ್‌ಗೆ ಬಂದು ಮೂವತ್ತೊಂದು ವರ್ಷ. ಕುರ್ಚಿಗಳು ಬಸ್ಸಿನ ಸೀಟುಗಳಲ್ಲ, ಅದರ ಎರಡು ಪಕ್ಕಗಳು. ಬಸ್ಸಿನ ನಲವತ್ತು ಅಡಿ ಉದ್ದವನ್ನು ಅವಳು ಹೆಜ್ಜೆಯಲ್ಲೇ ಅಳೆದಿದ್ದಳು. ಅಷ್ಟು ಉದ್ದದ ಮೈ ತನಗಿದ್ದರೆ ತಿರುವಿನಲ್ಲಿ ಬಾಲ ಎಲ್ಲಿಗೆ ತಾಗುತ್ತದೆ ಅಂತ ಕೂತಲ್ಲೇ ಅಂದಾಜು ಮಾಡುವುದು, ಅಂದಾಜು ಸಿಗದಿದ್ದರೆ ಎದ್ದು ಹೋಗಿ ನೋಡಿಬರುವುದು, ಮತ್ತೆ ಕೂತು ಸ್ಟೀರಿಂಗಿನ ಹಾಗೆ ಮುಚ್ಚಳ ತಿರುಗಿಸುವುದು. ಅವಳ ಮನೆಯಲ್ಲಿ ಸ್ಟೂಲು ಬಿಟ್ಟರೆ ಒಂದು ಸೋಫಾ ಅಷ್ಟೇ. ಹನ್ನೊಂದೂ ನೆರೆಹೊರೆಯವರಿಂದ ಕೇಳಿ ತಂದವು.

ಅನುದಾನಕ್ಕೆ ಅವಳ ಅರ್ಜಿ ತುಂಬುವಾಗ ಜೆರೋಡ್ ಎರಡನೇ ಸಲ ಸಿಕ್ಕಿಬಿದ್ದ. ‘ನನ್ನ ಕಾಲ ಮೇಲೆ ನಾನು ನಿಲ್ಲಲು ಬಯಸುತ್ತೇನೆ’ ಅನ್ನುವ ಸಾಲಿನ ಕೆಳಗೆ ಸಹಿ ಬೇಕಿತ್ತು.

“ಶಾಲೆ ಅಡುಗೆಮನೇಲಿ ಹದಿನಾಲ್ಕು ವರ್ಷ,” ಅಂದಳು ಮಿಸ್ ವರ್ಲೀನ್. “ಆಸ್ಪತ್ರೆ ಬಟ್ಟೆ ಒಗೆಯೋ ಕಡೆ ಹದಿನಾರು. ಎರಡೂ ನಿಂತು ಮಾಡೋ ಕೆಲಸ. ಎರಡು ಹೆಣ್ಣುಮಕ್ಕಳನ್ನೂ ನಿಂತ್ಕೊಂಡೇ ಸಾಕಿದೆ. ನಿಂತದ್ದು ಸಾಕಾಗಿದೆ ಮಗಾ. ನಂಗೀಗ ಕೂತ್ಕೋಬೇಕು. ಡ್ರೈವರ್ ಸೀಟಲ್ಲಿ.”

“ಅದು ಸುಮ್ನೆ ಬರೆಯೋ ಮಾತು, ಮಿಸ್ ವರ್ಲೀನ್.”

“ಹೌದಾ. ನೀನೆಲ್ಲಿರೋದು?”

ಜೆರೋಡ್ ಇರುವುದು ಅಮ್ಮನ ಮನೆಯ ನೆಲಮಾಳಿಗೆಯಲ್ಲಿ. ಟೈ ಇಸ್ತ್ರಿ ಮಾಡಿದ್ದೂ ಅಮ್ಮನೇ. ಅವನು ಕೆಮ್ಮಿದ. ಅವಳು ಆ ಸಾಲು ಹೊಡೆದುಹಾಕಿ ‘ಬಸ್ ಓಡಿಸಬೇಕು’ ಅಂತ ಬರೆದು ಸಹಿ ಮಾಡಿದಳು.

ಅನುದಾನದಲ್ಲಿ ಡ್ರೈವಿಂಗ್ ಶಾಲೆಯ ಖರ್ಚಿತ್ತು, ಎರಡು ಸಲ ಪರೀಕ್ಷೆಗೆ ಕೂರುವುದಕ್ಕೂ ಇತ್ತು. ಆದರೆ ಮೂರು ವರ್ಷದಲ್ಲಿ ಎರಡೂವರೆ ಜೆರೋಡ್ ಬರುವ ಮೊದಲೇ ಕಳೆದಿತ್ತು; ಸೆಪ್ಟೆಂಬರ್ ಕೊನೆಗೆ ಅನುದಾನವೂ ಮುಗಿಯುತ್ತಿತ್ತು, ಜೆರೋಡನ ಕೆಲಸವೂ.

ಜೂನ್‌ನಲ್ಲಿ ಮೊದಲ ಪರೀಕ್ಷೆ. ಮಿಸ್ ವರ್ಲೀನ್ ಬಸ್ಸನ್ನು ದಾರಿಗೇ ಇಳಿಸಲಿಲ್ಲ. ಹೊರಡುವ ಮೊದಲು ಏರ್ ಬ್ರೇಕ್ ತಪಾಸಣೆ ಮಾಡಬೇಕು, ಮಾಡುತ್ತಾ ಬಾಯಿಬಿಟ್ಟು ಹೇಳಬೇಕು. ಅಲ್ಲಿ ಅವಳ ನಾಲಿಗೆ ನಿಂತುಹೋಯಿತು.

“ಗೊತ್ತಿರೋದೇ ಅಲ್ವಾ?” ಅಂದ ಜೆರೋಡ್, ಆ ಸಂಜೆ ಅವಳ ಮನೆ ಮೆಟ್ಟಿಲ ಮೇಲೆ. ತಟ್ಟೆಯಲ್ಲಿ ಅವಳೇ ಬಡಿಸಿದ ಜೋಳದ ಬ್ರೆಡ್ಡಿತ್ತು.

“ಗೊತ್ತು. ಆದ್ರೆ ಆ ಬ್ರೇಕ್ ಇದೆಯಲ್ಲ, ಅದು ನಂಗೆ ಯಾವತ್ತೂ ಸಿಕ್ಕಿಲ್ಲ.”

ಏಳು ವರ್ಷದವಳಿದ್ದಾಗ ಅಮ್ಮ ಅವಳನ್ನು ಮಿಸಿಸಿಪ್ಪಿಯಿಂದ ಬಸ್ಸಲ್ಲಿ ಇಲ್ಲಿಗೆ ಕರೆತಂದಿದ್ದಳು. ಡ್ರೈವರನ ಹಿಂದಿನ ಸೀಟು. ಹೊಲಗಳು ಹಿಂದಕ್ಕೆ ಹರಿಯುತ್ತಿದ್ದವು, ಡ್ರೈವರನ ಕೈಗಳು ನೀರಲ್ಲಿ ಆಡುವಂತೆ ಆಡುತ್ತಿದ್ದವು. ಅಂದಿನಿಂದ ಅದೇ ಬಸ್ಸು ಕನಸಿಗೆ ಬರುತ್ತದೆ, ಓಡಿಸುವವಳು ಮಾತ್ರ ಅವಳೇ. ರಸ್ತೆಯೋ ನದಿಯೋ ತಿಳಿಯದ ಒಂದು ಬೆಳ್ಳನೆಯ ದಾರಿ. ಸತ್ತವರೆಲ್ಲ ಅದು ಹೇಗೋ ಹತ್ತಿಕೊಳ್ಳುತ್ತಾರೆ. ಚಿಕ್ಕಪ್ಪ ಹತ್ತುತ್ತಾನೆ, ಆಸ್ಪತ್ರೆಯ ಗೆಳತಿ ಹತ್ತುತ್ತಾಳೆ, ಭಾನುವಾರದ ಟೋಪಿ ಹಾಕಿಕೊಂಡು ಬಿಸಿ ಬ್ರೆಡ್ಡಿನ ತಟ್ಟೆ ಹಿಡಿದು ಅಮ್ಮ ಹತ್ತುತ್ತಾಳೆ. ಯಾರೂ ಮಾತಾಡುವುದಿಲ್ಲ. ಇಳಿಯಬೇಕಾದ ಜಾಗ ಬಂದಾಗ ಅಮ್ಮ ಎದ್ದು ನಿಲ್ಲುತ್ತಾಳೆ. ವರ್ಲೀನಳ ಕಾಲು ಬ್ರೇಕಿಗಾಗಿ ತಡಕಾಡುತ್ತದೆ. ಅಲ್ಲಿ ಏನೂ ಇರುವುದಿಲ್ಲ. ಅಮ್ಮ ಮತ್ತೆ ಕೂರುತ್ತಾಳೆ.

“ಸತ್ತಾಗಿನಿಂದ ಕೂತೇ ಇದಾಳೆ ಪಾಪ,” ಅಂದಳು. “ತಿನ್ನು, ಆರಿಹೋಗತ್ತೆ.”

ಇಂಥದ್ದನ್ನು ಬರೆದುಕೊಳ್ಳಲು ಜೆರೋಡನ ಅರ್ಜಿಯಲ್ಲಿ ಜಾಗವಿರಲಿಲ್ಲ. ಅವನು ತಿಂದ.

ಮರುದಿನ ಕುರ್ಚಿಗಳ ಬಸ್ಸಿಗೆ ಪ್ರಯಾಣಿಕರು ಬಂದರು. ತೂಗುಕುರ್ಚಿಯ ಮಾಲೀಕ ಮಿಸ್ಟರ್ ರಡ್, ಎಂಬತ್ತರ ಮುದುಕ, ಮೊದಲು ಹತ್ತಿದ. “ನನ್ನ ಕುರ್ಚಿ ಬಿಸಿಲಲ್ಲಿ ಒಣಗ್ತಾ ಇದೆ, ನಾನಾದ್ರೂ ಕೂರ್ತೀನಿ,” ಅಂದ. ಅವನ ಹಿಂದೆ ಉಳಿದ ಕುರ್ಚಿಗಳವರೂ ಬಂದರು. ಜೆರೋಡ್ ಪುಸ್ತಕ ಹಿಡಿದು ಪರೀಕ್ಷಕನಾದ.

“ಎಂಜಿನ್ ಆಫ್,” ಅಂದಳು ಮಿಸ್ ವರ್ಲೀನ್. “ಪೆಡಲ್ ಒತ್ತಿ ಹಿಡೀತೀನಿ, ಒಂದು ನಿಮಿಷ. ಗಾಳಿ ಮೀಟರಿನ ಮುಳ್ಳು ಇಳೀಬಾರದು. ಆಮೇಲೆ ತುಳಿದು ತುಳಿದು ಗಾಳಿ ಬಿಡ್ತೀನಿ. ಮೊದಲು ಎಚ್ಚರಿಕೆ ಗಂಟೆ ಹೊಡ್ಕೋಬೇಕು. ಆಮೇಲೆ...”

“ಆಮೇಲೆ ಹಳದಿ ಗುಂಡಿ ಟಪ್ ಅಂತ ಹೊರಗೆ ಹಾರ್ಬೇಕು!” ಅಂತ ಇಡೀ ಬಸ್ಸು ಕೂಗಿತು.

“ಪರೀಕ್ಷೆ ನಂದೋ ನಿಮ್ದೋ?”

“ಬಾಯಿ ಮುಚ್ಕೊಂಡು ಓಡ್ಸು ತಾಯಿ, ನನ್ನ ಸ್ಟಾಪು ದಾಟಿಹೋಯ್ತು,” ಅಂದ ಮಿಸ್ಟರ್ ರಡ್.

ಆ ಬೇಸಿಗೆಯೆಲ್ಲ ಎಲ್ಮ್‌ಹರ್ಸ್ಟ್‌ನಲ್ಲಿ ಏರ್ ಬ್ರೇಕ್ ಬಾಯಿಪಾಠವಾಗದವರೇ ಇರಲಿಲ್ಲ. ಪಾತ್ರೆ ತೊಳೆಯುವವರು ಅದನ್ನೇ ಗುನುಗಿದರು. ಜೆರೋಡನ ಅಮ್ಮನಿಗೂ ಬರುತ್ತಿತ್ತು.

ಸೆಪ್ಟೆಂಬರಿನಲ್ಲಿ ಕೊನೆಯ ಪರೀಕ್ಷೆ. ಜೆರೋಡ್ ಬೇಲಿಯಾಚೆ ನಿಂತಿದ್ದ. ಗಾಜಿನ ಹಿಂದೆ ಅವಳ ತುಟಿ ಅಲ್ಲಾಡಿತು, ನಿಂತಿತು. ಅವಳು ಒಮ್ಮೆ ತಿರುಗಿ ಹಿಂದಿನ ಖಾಲಿ ಸೀಟುಗಳ ಕಡೆ ನೋಡಿದಳು, ಯಾರೋ ಹೇಳಿಕೊಡುತ್ತಿದ್ದಾರೆ ಅನ್ನುವಂತೆ. ತುಟಿ ಮತ್ತೆ ಅಲ್ಲಾಡಿತು. ಗಂಟೆ ಹೊಡೆದುಕೊಂಡಿತು. ಬಸ್ಸು ನಿಟ್ಟುಸಿರು ಬಿಟ್ಟು ಗೇಟಿನ ಕಡೆ ನಿಧಾನ ಹೊರಟಿತು. ಅದರ ಬಾಲ ಎಲ್ಲಿಗೂ ತಾಗಲಿಲ್ಲ.

ಪಾಸಾದ ರಾತ್ರಿ ಕನಸಿನಲ್ಲಿ ಬ್ರೇಕ್ ಸಿಕ್ಕಿತಂತೆ. ಅಮ್ಮ ಟೋಪಿ ಸರಿಮಾಡಿಕೊಂಡು ಇಳಿದುಹೋದಳಂತೆ, ತಿರುಗಿಯೂ ನೋಡದೆ. ಬ್ರೆಡ್ಡಿನ ತಟ್ಟೆ ಮಾತ್ರ ಸೀಟಿನ ಮೇಲೆ ಬಿಟ್ಟಿದ್ದಳಂತೆ.

ಅನುದಾನ ಕೊಟ್ಟ ಕಡೆಯಿಂದ ಮುಂದಿನ ವಾರ ಒಬ್ಬ ಮೇಡಂ ಬಂದರು, ಕ್ಯಾಮರಾ ಸಮೇತ. ಒಬ್ಬರಾದರೂ ತಮ್ಮ ಕಾಲ ಮೇಲೆ ನಿಂತದ್ದನ್ನು ತೋರಿಸಿದರೆ ಜೆರೋಡನಿಗೆ ಇನ್ನೊಂದು ವರ್ಷ ಕೆಲಸ. ಅವನು ಟೈ ಕಟ್ಟಿಕೊಂಡು, ದೇವರನ್ನು ನೆನೆದುಕೊಂಡು ನಿಂತಿದ್ದ. ಮಿಸ್ ವರ್ಲೀನ್ ಊರಿನ ಬಸ್ ಕಂಪನಿ ಕೊಟ್ಟ ಹೊಸ ಸಮವಸ್ತ್ರದಲ್ಲಿ ಬಯಲಿನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು.

“ಹಾಗಾದ್ರೆ ಮಿಸ್ ವರ್ಲೀನ್,” ಮೇಡಂ ಬರೆದುಕೊಳ್ಳಲು ಪೆನ್ನು ತೆಗೆದು ನಗುತ್ತಾ ಕೇಳಿದರು, “ಇನ್ನು ಮೇಲೆ ನಿಮಗೆ ಯಾರ ಸಹಾಯವೂ ಬೇಕಾಗಲ್ಲ, ಅಲ್ವಾ?”

“ಬೇಕು,” ಅಂದಳು ಮಿಸ್ ವರ್ಲೀನ್. “ಹನ್ನೊಂದು ಕುರ್ಚಿ ಹನ್ನೊಂದು ಮನೆಗೆ ಮುಟ್ಟಿಸ್ಬೇಕು. ಆ ಪೆನ್ನು ಕೆಳಗಿಟ್ಟು ಎರಡು ಎತ್ಕೊಳ್ಳಿ.”