ಹಿತ್ತಿಲಿಗೆ ಬರುವ ಜಿಂಕೆ

ಜಿಂಕೆ ಕಂಡರೆ ಊರಿನವರೆಲ್ಲ ಮೊಬೈಲ್ ಹಿಡಿದು ಓಡಿಬರುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಹಿರೇಗುಂಟನೂರಿನ ಹೊರಗೆ, ಗುಡ್ಡದ ಕಡೆಗೆ ಕೊನೆಯ ಮನೆ ನಮ್ಮದು. ಹಿತ್ತಿಲಿನಲ್ಲಿ ಬದನೆ, ಅವರೆ, ಒಂದು ಸಾಲು ಸೇವಂತಿಗೆ ಹಾಕಿಕೊಂಡಿದ್ದೆ. ಹೊತ್ತು ಮುಳುಗುವಾಗ ಜಿಂಕೆಗಳು ಇಳಿದು ಬಂದು ಮೊಗ್ಗಿದ್ದ ಕುಡಿಗಳನ್ನೇ ಹುಡುಕಿ ಮೇಯುತ್ತಿದ್ದವು. ಬೇಲಿಗೆ ಹಳೇ ಸೀರೆ ಸುತ್ತಿದೆ, ತಗಡಿನ ಡಬ್ಬ ಕಟ್ಟಿದೆ. ಯಾವುದಕ್ಕೂ ಕ್ಯಾರೇ ಅನ್ನಲಿಲ್ಲ. "ಹಾಳಾದ್ದೇ, ನಿಮ್ಮಪ್ಪನ ಮನೆ ತೋಟ ಅಂದ್ಕಂಡ್ಯಾ?" ಎಂದು ಚಪ್ಪಲಿ ಬೀಸುತ್ತಿದ್ದೆ. ನನ್ನ ಮಗಳು ಆ ಚಪ್ಪಲಿಯನ್ನು ಹೆಕ್ಕಿ ತಂದು, "ಎಷ್ಟ್ ಚೆಂದ ಐತೆ ನೋಡಮ್ಮ, ಬೈಬ್ಯಾಡ" ಎನ್ನುತ್ತಿದ್ದಳು. ಚೆಂದ ಇದ್ದದ್ದು ನಿಜ. ಬೈಯುತ್ತಲೇ ನಾನೂ ನಿಂತು ನೋಡುತ್ತಿದ್ದೆ.

ಆ ಮಗಳು ಹೋದ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಳು. ಏಳನೇ ಕ್ಲಾಸ್ ಮುಗಿಸಿದ್ದಳು. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈಲಾಗುವುದಿಲ್ಲ.

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಸ್ವಂತ ಜಾಗ ಇದ್ದವರು ಅಲ್ಲಿಯೇ ಮಾಡಿಕೊಳ್ಳುತ್ತಾರೆ. ಹಿತ್ತಿಲಿನ ಕೊನೆಯಲ್ಲಿ, ಬೇವಿನ ಮರದ ಪಕ್ಕ ಗುಣಿ ತೆಗೆದರು. ಅಯ್ಯನವರು ಹೇಳಿದಂತೆ ವಿಭೂತಿ, ಪತ್ರೆ, ಕಲ್ಲುಪ್ಪು ಹಾಕಿ ಮುಚ್ಚಿದರು. ಉಪ್ಪು ಮಿಕ್ಕಿತು. ಗುಣಿಗೆಂದು ತಂದದ್ದನ್ನು ಮತ್ತೆ ಮನೆಯೊಳಕ್ಕೆ ಒಯ್ಯುವಂತಿಲ್ಲ ಎಂದು ಯಾರೋ ಚೀಲವನ್ನು ಅಲ್ಲೇ ಬೋರಲು ಹಾಕಿ, ಮಣ್ಣಿಗೆ ಕಲಸಿ, ಗುದ್ದಲಿಯಿಂದ ತಟ್ಟಿದರು. ನಾನು ಎದುರಿಗೇ ಕೂತಿದ್ದೆ. ಕಣ್ಣಿಗೆ ಕಂಡದ್ದು ಯಾವುದೂ ತಲೆಗೆ ಹೋಗುತ್ತಿರಲಿಲ್ಲ.

ಆಮೇಲೆ ನಮ್ಮ ಮನೆಯವರು ಮಾತು ಬಿಟ್ಟರು. ಕರೆದರೆ ಊಟಕ್ಕೆ ಬರುವರು, ತಟ್ಟೆಯ ಮುಂದೆ ಕೂರುವರು, ಹಾಗೇ ಎದ್ದು ಹೋಗುವರು. ಅವರ ಅಕ್ಕ ಬಾಗೂರಿನಿಂದ ಬಂದು ನಮ್ಮ ಜೊತೆಗಿದ್ದರು. ಒಂದು ಸಂಜೆ ಒಂಟಿ ಹೆಣ್ಣು ಜಿಂಕೆ ಬೇಲಿ ಹಾರಿ ಬಂತು. ಅವರೆಯ ಕಡೆ ತಿರುಗಲಿಲ್ಲ, ಸೇವಂತಿಗೆಯನ್ನು ಮೂಸಲಿಲ್ಲ. ನೇರ ಮಗಳ ಮಣ್ಣಿನ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತಿತು.

"ಅಯ್ಯೋ ನಮ್ಮವ್ವ! ಎಲ್ಲಾ ಬಿಟ್ಟು ಅಲ್ಲಿಗೇ ಹೋತು ನೋಡ್ರಿ. ನಮ್ಮ ಕೂಸೇ ಬಂದೈತೆ" ಎಂದು ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು.

ನಮ್ಮ ಮನೆಯವರು ಎದ್ದು ನಿಂತರು. ಅವತ್ತು ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡು ಉಂಡರು. ಮಾರನೇ ದಿನದಿಂದ ಸಂಜೆಯಾದರೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅದರ ಜೊತೆ ಮಾತಾಡತೊಡಗಿದರು. "ಮಳೆ ಬರೋ ಹಂಗೈತೆ. ನಿನ್ ಸೈಕಲ್ ಒಳಗಿಟ್ಟೀನಿ ಕಣವ್ವ." ನನ್ನ ಹತ್ತಿರ ಆಡದ ಮಾತೆಲ್ಲ ಅದರ ಹತ್ತಿರ.

ನಾನೂ ನಂಬಿದೆ. ಅಂಥ ಹೊತ್ತಿನಲ್ಲಿ ಯಾರು ನಂಬುವುದಿಲ್ಲ ಹೇಳಿ! ಬೇಲಿಯ ಸೀರೆ ಬಿಚ್ಚಿಹಾಕಿದೆ, ಡಬ್ಬ ಕಿತ್ತೆಸೆದೆ. ಮಿಕ್ಕ ಜಿಂಕೆಗಳು ಅದರ ಹಿಂದೆಯೇ ಬಂದು ಸೇವಂತಿಗೆಯನ್ನು ಬೋಳು ಮಾಡಿದವು. ಮಾಡಲಿ ಬಿಡು ಎಂದುಕೊಂಡೆ. ನನಗೆ ಬೇಕಿದ್ದದ್ದು ಒಂದೇ, ಮಗಳ ತಲೆಯ ಕಡೆ ಒಂದು ಪತ್ರೆ ಗಿಡ. ನೆಟ್ಟೆ. ಎಲೆಯ ಅಂಚು ಸುಟ್ಟಂತಾಗಿ ಒಣಗಿತು. ಇನ್ನೊಂದು ನೆಟ್ಟೆ. ಅದೂ ಹಾಗೆಯೇ ಆಯಿತು.

ಮತ್ತೊಂದು ಸಸಿ ಹಿಡಿದು ಹೋದ ಬೆಳಿಗ್ಗೆ ಜಿಂಕೆ ಅಲ್ಲೇ ಇತ್ತು. ನಾನು ಹತ್ತಿರ ಹೋದರೂ ಕದಲಲಿಲ್ಲ. ಸರಸರ ಸದ್ದು ಕೇಳುತ್ತಿತ್ತು. ಬಗ್ಗಿ ನೋಡಿದರೆ ಅದು ಮಣ್ಣು ನೆಕ್ಕುತ್ತಿತ್ತು. ನೆಕ್ಕಿ ನೆಕ್ಕಿ ಅಲ್ಲಿ ತಗ್ಗು ಬಿದ್ದಿತ್ತು. ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡೆ. ಉಪ್ಪು!

ಅಲ್ಲೇ ಕುಸಿದೆ. ದಿನಾ ಎಮ್ಮೆಗೆ ಅಂಗೈಯಲ್ಲಿ ಉಪ್ಪು ನೆಕ್ಕಿಸುವವಳು ನಾನು, ನನಗೆ ಇಷ್ಟು ತಿಳಿಯಬೇಡವೇ? ಮಗಳು ಬಂದಳಂತೆ, ಮಗಳು! ಬಂದದ್ದು ಉಪ್ಪಿಗೆ. ಗಿಡ ಸತ್ತದ್ದೂ ಅದೇ ಉಪ್ಪಿಗೆ. ಜಿಂಕೆಯನ್ನು ಕೊಂದುಬಿಡುವಷ್ಟು ಸಿಟ್ಟು ಬಂತು, ಆಮೇಲೆ ಬರೀ ಅಳು. ನನ್ನ ಮಗಳು ಅವತ್ತು ಇನ್ನೊಂದು ಸಲ ಸತ್ತಳು.

ಹೇಳಿಬಿಡೋಣ ಎಂದು ಒಳಗೆ ಬಂದೆ. "ರೀ, ಆ ಜಿಂಕೆ..." ಎನ್ನುವಷ್ಟರಲ್ಲಿ ಅವರೇ, "ಅಷ್ಟ್ ಹತ್ರ ಹೋದ್ರೂ ಓಡ್ಲಿಲ್ಲ ಅಲ್ಲೇನೆ? ನಾ ಕಿಟಕೀಲಿ ನೋಡ್ತಿದ್ದೆ. ತಾಯಿ ಗುರುತು ಇರಲ್ವಾ ಮತ್ತೆ" ಎಂದರು. ಅವರ ಮುಖ ನೋಡಿ, ಕೈಯಲ್ಲಿದ್ದ ಸಸಿಯನ್ನು ಮೂಲೆಗಿಟ್ಟು ಒಲೆಯ ಕಡೆ ಹೋದೆ.

ಮಳೆ ಜೋರಾಗಿ ಹಿಡಿಯಿತು. ಮೇಲಿನ ಉಪ್ಪೆಲ್ಲ ಕರಗಿ ಹೋಯಿತು. ಜಿಂಕೆ ಒಮ್ಮೆ ಬಂದು ಮೂಸಿ ಹೋದದ್ದು ಮತ್ತೆ ಬರಲಿಲ್ಲ. ಅಕ್ಕ ಅಷ್ಟರಲ್ಲಿ ಬಾಗೂರಿಗೆ ಹೊರಟುಹೋಗಿದ್ದರು. ಇವರು ಮಾತ್ರ ಮೆಟ್ಟಿಲ ಮೇಲೆ ಕೊಡೆ ಹಿಡಿದು ಕಾಯುತ್ತಿದ್ದರು. "ಮುನಿಸ್ಕಂಡ್ಲೇನೋ" ಎನ್ನುವರು. ತಟ್ಟೆಯ ಅನ್ನ ಮತ್ತೆ ಹಾಗೇ ಉಳಿಯತೊಡಗಿತು. ಒಂದು ದಿನ ನನ್ನ ಮುಖವನ್ನೂ ನೋಡದೆ, "ಇನ್ನ ನನಗೇನೈತೆ ಇಲ್ಲಿ" ಎಂದರು. ಇವರೂ ಕೈಬಿಟ್ಟು ಹೋಗುತ್ತಾರೆ ಅನ್ನಿಸಿಬಿಟ್ಟಿತು.

ಮಾರನೇ ದಿನ ಅವರು ಹೊಲಕ್ಕೆ ಹೋದ ಮೇಲೆ ಅಡುಗೆಮನೆಯ ಕಲ್ಲುಪ್ಪನ್ನು ಮಡಿಲಲ್ಲಿ ತುಂಬಿಕೊಂಡು ಹಿತ್ತಿಲಿಗೆ ಹೋದೆ. ಮಗಳ ಮೇಲೆ ಸುರಿದೆ. ಕೈಯಿಂದಲೇ ಕಲಸಿ ತಟ್ಟಿದೆ. ಇನ್ನು ಇಲ್ಲಿ ಪತ್ರೆಯಿರಲಿ, ಗರಿಕೆಯೂ ಹುಟ್ಟುವುದಿಲ್ಲ ಎಂದು ತಿಳಿದೇ ತಟ್ಟಿದೆ.

ಕೆಲವು ದಿನ ಬಿಟ್ಟು ಜಿಂಕೆ ಬಂತು. "ಬಾರೆ, ಬಾರೆ, ಮೆಲ್ಲಗೆ ಬಾ" ಎಂದು ಇವರು ನನ್ನ ಕೈ ಹಿಡಿದು ಎಳೆದುಕೊಂಡು ಹೋದರು. "ದಿನಾ ನಾನೇ ಮಾತಾಡಿಸ್ತೀನಿ. ನೀನು ಒಂದ್ಸಲನಾದ್ರೂ ಮಾತಾಡ್ಸಬಾರ್ದಾ? ಪಾಪ, ಕಾಯ್ತಾಳೆ."

"ಉಂಡ್ಯೇನವ್ವಾ?" ಎಂದೆ. ಸ್ಕೂಲಿನಿಂದ ಬಂದವಳನ್ನು ಕೇಳುತ್ತಿದ್ದ ಮಾತು, ತಾನಾಗಿ ಬಾಯಿಗೆ ಬಂದುಬಿಟ್ಟಿತು.

ಅದು ತಲೆ ಎತ್ತಲಿಲ್ಲ. ನೆಕ್ಕುತ್ತಲೇ ಇತ್ತು.

"ಹೂಂ ಅಂತು, ಕೇಳಿಸ್ತಾ?" ಎಂದರು.

"ಕೇಳಿಸ್ತು ಕಣ್ರೀ" ಎಂದೆ.